ಗೋಲಿನ ಹಿಂದೆ ಹನ್ನೊಂದು ವರ್ಷ

ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ಟೀಮಿನ ಹೆಡ್ ಕೋಚ್ ಸೀಸನ್ನಿನ ನಡುವೆಯೇ ಕೈಕೊಟ್ಟು ಹೋದ ದಿನ ನಾನು ಸಾಮಾನು ಕೋಣೆಯಲ್ಲಿ ಕೂತು, ಗೋಲ್‌ಕೀಪರ್ ಗ್ಲೌಸುಗಳಿಗೆ ಅಂಟಿದ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಯಾವುದೋ ದೊಡ್ಡ ಕಾಲೇಜು ಕರೆಯಿತಂತೆ. ಆ ಮಹಾನುಭಾವ ಹುಡುಗಿಯರಿಗೆ ಒಂದು ಮಾತೂ ಹೇಳದೆ ಗಂಟುಮೂಟೆ ಕಟ್ಟಿದ್ದ. ಡೈರೆಕ್ಟರ್ ಸಾಹೇಬರೇ ಇಳಿದು ಬಂದು ಬಾಗಿಲಲ್ಲಿ ನಿಂತರು. ಕ್ರೀಡಾ ವಿಭಾಗ ಅವರ ಕೈಯಲ್ಲಿದೆ. ಸಾಮಾನು ಕೋಣೆಯ ಕಡೆ ಅವರು ಕಾಲಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇನ್ನು ಮೂರು ಮ್ಯಾಚ್ ಉಳಿದಿದೆ," ಎಂದರು. "ನೀವೇ ನೋಡ್ಕೊಳ್ತೀರಾ?"

"ಏನನ್ನ ಸರ್? ಚೆಂಡುಗಳನ್ನಾ, ಟೀಮನ್ನಾ?"

ಅವರು ನಕ್ಕರು. ನಾನು ನಗಲಿಲ್ಲ.

"ಟೀಮನ್ನೇ. ಮೇಲಿನ ದರ್ಜೆಯಲ್ಲಿ ಉಳ್ಕೊಂಡ್ರೆ ಹೆಡ್ ಕೋಚ್ ಕೆಲಸಕ್ಕೆ ನಿಮ್ಮ ಹೆಸರನ್ನೂ ಕಮಿಟಿ ಮುಂದೆ ಇಡ್ತೀನಿ. ಕೆಳಗಿಳಿದ್ರೆ ಹೊರಗಿನವರನ್ನ ತರ್ತಾರೆ. ಅವರು ಬಂದ್ರೆ, ನಿಮಗೇ ಗೊತ್ತಲ್ಲ..."

ಗೊತ್ತಿತ್ತು. ಹೊಸ ಹೆಡ್ ಕೋಚ್ ಬಂದರೆ ತನ್ನ ಪರಿವಾರವನ್ನೂ ಕರೆದುಕೊಂಡೇ ಬರುತ್ತಾನೆ. ಈ ಹನ್ನೊಂದು ವರ್ಷಗಳಲ್ಲಿ ನಾಲ್ವರು ಬಂದು ಹೋದರು. ಒಬ್ಬನ ಹತ್ತಿರ ಕೂಗುವುದೊಂದೇ ವಿದ್ಯೆ. ಇನ್ನೊಬ್ಬ ಲ್ಯಾಪ್‌ಟಾಪಿನಿಂದ ತಲೆಯೆತ್ತುತ್ತಿರಲಿಲ್ಲ. ಮೂರನೆಯವನು ತನ್ನ ಭಾವಮೈದುನನನ್ನೇ ಸಹಾಯಕನಾಗಿ ತಂದ. ನಾಲ್ಕನೆಯವನ ಕಥೆ ಈಗ ತಾನೇ ಹೇಳಿದೆ. ಅವರು ಯಾರೂ ಗೋಲ್‌ಕೀಪಿಂಗ್ ಕೋಚನ್ನು ಜೊತೆಗೆ ತಂದಿರಲಿಲ್ಲ, ಅದಕ್ಕೇ ಆ ಕೆಲಸದಲ್ಲಿ ನಾನು ಉಳಿದುಕೊಂಡಿದ್ದೆ. ಈ ಸಲ ಯಾರ ಹೆಸರು ಓಡಾಡುತ್ತಿತ್ತೋ ಆ ಮನುಷ್ಯನ ಬಳಿ ಅದಕ್ಕೂ ಒಬ್ಬನಿದ್ದಾನೆಂದು ಸುದ್ದಿ. ಅಂದರೆ ನನಗೆ ಹೆಡ್ ಕೋಚ್ ಕೆಲಸ ಸಿಗಬೇಕು, ಇಲ್ಲವೇ ನಾನು ಮನೆಗೆ ನಡೆಯಬೇಕು.

ನಾನು ಗೋಲ್‌ಕೀಪರ್ ಆದದ್ದೇನೂ ದೊಡ್ಡ ಕನಸು ಕಂಡು ಅಲ್ಲ. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ನಾನೇ, ಎಲ್ಲರಿಗಿಂತ ನಿಧಾನವಾಗಿ ಓಡುವವಳೂ ನಾನೇ. ಹಿಡಿದು ಕಂಬಗಳ ನಡುವೆ ನಿಲ್ಲಿಸಿದರು. ನಿಂತಮೇಲೆ ಹುಚ್ಚು ಹಿಡಿಯಿತು. ಮೊಣಕಾಲು ಕೈಕೊಡುವವರೆಗೆ ಆಡಿದೆ. ಆಮೇಲೆ ಆರು ವರ್ಷ ಶಾಲೆಯೊಂದರಲ್ಲಿ ಪಿ.ಟಿ. ಮೇಡಂ ಆಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಕೋಚಿಂಗ್ ಪರೀಕ್ಷೆಗೆ ಕೂತೆ, ಒಮ್ಮೆ ಬಿದ್ದೆ, ಇನ್ನೊಮ್ಮೆ ಪಾಸಾದೆ. "ಒಂದು ಟರ್ಮಿಗೆ ಬನ್ನಿ" ಎಂದು ಈ ಕಾಲೇಜು ಕರೆಯಿತು. ನಮ್ಮಕ್ಕ ಈಗಲೂ ಫೋನ್ ಮಾಡಿದಾಗಲೆಲ್ಲ, "ನಿಂದು ಆ ಒಂದು ಟರ್ಮ್ ಮುಗೀತೇನೇ?" ಎಂದು ಚುಚ್ಚುತ್ತಾಳೆ.

ಹೆಡ್ ಕೋಚ್ ಕೆಲಸಕ್ಕೆ ಹಿಂದೆ ಎರಡು ಸಲ ಅರ್ಜಿ ಹಾಕಿದ್ದೆ. ಎರಡು ಸಲವೂ ಒಂದೇ ಉತ್ತರ: ಪೂರ್ತಿ ಆಟ ನೋಡಿದ ಅನುಭವ ಬೇಕು. ಹನ್ನೊಂದು ವರ್ಷ ನಾನೇನು ಗೋಲಿನ ಹಿಂದೆ ನಿಂತು ನಕ್ಷತ್ರ ಎಣಿಸುತ್ತಿದ್ದೆನೇ? ಮೈಯೆಲ್ಲ ಉರಿದುಹೋಗಿತ್ತು. ಹಾಗಾಗಿ ಡೈರೆಕ್ಟರ್ ಕೇಳಿದ್ದಕ್ಕೆ ಹಿಂದೆಮುಂದೆ ನೋಡದೆ "ಹ್ಞೂಂ" ಎಂದುಬಿಟ್ಟೆ.

ಮೊದಲ ಮ್ಯಾಚಿನ ದಿನ ಹೊಸ ಜಾಕೆಟ್ ಹಾಕಿಕೊಂಡು ಹೋದೆ. ಮೈದಾನದ ಉದ್ದ ಗೆರೆಯ ಪಕ್ಕ, ಬೆಂಚಿನ ಮುಂದೆ, ಕೋಚ್ ನಿಲ್ಲಬೇಕಾದ ಜಾಗಕ್ಕೆ ಸುಣ್ಣದ ಚೌಕ ಎಳೆದಿರುತ್ತಾರೆ. ಆಟ ಮುಗಿಯುವ ತನಕ ಅದನ್ನು ದಾಟುವಂತಿಲ್ಲ. ಜಂಬದಿಂದ ಅದರೊಳಗೆ ನಿಂತೆ. ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ನನಗೆ ಬೆವರು ಕಿತ್ತುಕೊಂಡಿತು.

ಏನೂ ಅರ್ಥವಾಗುತ್ತಿಲ್ಲ! ಅದೇ ಹನ್ನೊಂದು ಹುಡುಗಿಯರು, ಅದೇ ಚೆಂಡು. ಆದರೆ ಎಲ್ಲರೂ ಒಬ್ಬರ ಮೇಲೊಬ್ಬರು ನಿಂತಂತೆ ಕಾಣುತ್ತಿದ್ದಾರೆ. ಆಚೆ ಬದಿಯವಳು ಈಚೆ ಬದಿಯವಳ ಭುಜಕ್ಕೇ ಅಂಟಿಕೊಂಡಂತಿದ್ದಾಳೆ. ನಮಗೆ ಎರಡು ಗೋಲು ಬಿದ್ದವು. ತಪ್ಪು ಬಲಬದಿಯ ಡಿಫೆಂಡರದೇ ಎಂದು ಖಚಿತ ಮಾಡಿಕೊಂಡು ಅವಳನ್ನು ಹೊರಗೆ ಕರೆಸಿದೆ. ಪಾಪದ ಹುಡುಗಿ ಅಳುತ್ತ ಬಂದು ಕೂತಳು. ಆಮೇಲೆ ಇನ್ನೆರಡು ಗೋಲು ಅದೇ ಜಾಗದಿಂದಲೇ ಬಿದ್ದವು. ನಾಲ್ಕು ಸೊನ್ನೆ. ಮುಖ ಎಲ್ಲಿ ಇಟ್ಟುಕೊಳ್ಳಲಿ?

ಸಂಜೆ ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡೆ. ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್. ಕೈಗೆ ಗ್ರೀಸ್, ಬಾಯಿಗೆ ತಮಾಷೆ. ಚಹಾ ತಂದು ಕೈಗಿಟ್ಟು ಕೇಳಿದರು.

"ನಾಲ್ಕೂ ಒಂದೇ ಕಡೆಯಿಂದ ಬಿತ್ತಂತೆ?"

"ಯಾರ್ ಹೇಳಿದ್ದು ನಿಮಗೆ?"

"ನಾನೇ ಬಂದಿದ್ನಲ್ಲೇ. ಗೋಲ್ ಹಿಂದೆ ನಿಂತಿದ್ದೆ. ಆ ಮಧ್ಯದ ಹುಡುಗಿ ಯಾಕೆ ಅಷ್ಟು ಎಡಕ್ಕೆ ಎಡಕ್ಕೆ ಹೋಗ್ತಿದ್ಲು? ಪಾಪ, ಬಲಗಡೆಯವಳು ಒಬ್ಬಳೇ ಇಬ್ಬರ ಕೆಲಸ ಮಾಡ್ತಿದ್ಲು. ನೀನು ಅವಳನ್ನೇ ತೆಗೆದ್ಯಲ್ಲ ಮಾರಾಯ್ತಿ!"

ಫುಟ್‌ಬಾಲಿನ ಗಂಧಗಾಳಿಯಿಲ್ಲದ ಮನುಷ್ಯ. ನನಗೆ ಬಂದ ಸಿಟ್ಟಿಗೆ ಕಪ್ಪನ್ನು ಕುಕ್ಕಿ ಎದ್ದುಹೋದೆ. ಸ್ನಾನದ ಮನೆಯಲ್ಲಿ ಮುಖಕ್ಕೆ ನೀರು ಎರಚಿಕೊಳ್ಳುವಾಗ ತಲೆಗೆ ಹೊಳೆಯಿತು. ಅವರು ಗೋಲಿನ ಹಿಂದೆ ನಿಂತಿದ್ದರು. ಅಯ್ಯೋ ನನ್ನ ಬುದ್ಧಿಗಿಷ್ಟು!

ಬೆಳಗ್ಗೆ ಅಭ್ಯಾಸಕ್ಕೆ ಎಲ್ಲರಿಗಿಂತ ಮುಂಚೆ ಹೋಗಿ, ಹುಡುಗಿಯರು ಬಂದಮೇಲೆ ಎರಡು ತಂಡ ಮಾಡಿ ಆಡಿಸಿದೆ. ಹತ್ತು ನಿಮಿಷ ಉದ್ದ ಗೆರೆಯ ಪಕ್ಕದಲ್ಲಿ ನಿಂತೆ: ಏನೂ ತಿಳಿಯದು. ಗೋಲಿನ ಹಿಂದೆ ಹೋಗಿ ನಿಂತೆ: ಯಾರ ಯಾರ ನಡುವೆ ಎಷ್ಟು ಜಾಗ, ಯಾರು ಎಲ್ಲಿಗೆ ಸರಿಯುತ್ತಿದ್ದಾರೆ, ಎಲ್ಲವೂ ಹಾಸಿ ಇಟ್ಟಂತೆ ಕಂಡಿತು. ಉಳಿದ ಕೋಚುಗಳೆಲ್ಲ ಆಟವನ್ನು ಪಕ್ಕದಿಂದ ನೋಡಿ ಕಲಿತವರು. ನಾನು ಹುಡುಗಿಯಾಗಿದ್ದಾಗಿನಿಂದ ಅದನ್ನು ಹಿಂದಿನಿಂದಲೇ ನೋಡಿದವಳು. ನನ್ನ ಕಣ್ಣು ಪಳಗಿದ್ದೇ ಅಲ್ಲಿ. ಆದರೆ ಮ್ಯಾಚಿನ ದಿನ ನನಗೆ ಅಲ್ಲಿ ಜಾಗವಿಲ್ಲ. ಆ ಸುಣ್ಣದ ಚೌಕದಲ್ಲೇ ನಿಲ್ಲಬೇಕು. ಪಕ್ಕದಿಂದ ನೋಡುವುದನ್ನು ಹದಿನೈದು ದಿನದಲ್ಲಿ ಕಲಿಯುವುದಂತೂ ಆಗದ ಮಾತು.

ಹಾಗಾದರೆ ಅಲ್ಲಿ ನಿಂತು ನೋಡುವವರು ಯಾರು? ಕೀಪರ್.

ನಮ್ಮ ಕೀಪರ್ ಹುಡುಗಿಯನ್ನು ಎಲ್ಲರೂ 'ಪಿಸು' ಎಂದೇ ಕರೆಯುವುದು. ಮಾತಾಡಿದರೆ ಪಿಸುಪಿಸು, ನಕ್ಕರೂ ಸದ್ದಿಲ್ಲ. ಕೈಗಳು ಮಾತ್ರ ಬಂಗಾರ. ಎಂಥ ಚೆಂಡನ್ನೂ ಹಿಡಿಯುತ್ತಾಳೆ. ಆದರೆ ಮುಂದಿರುವ ನಾಲ್ವರು ಡಿಫೆಂಡರುಗಳಿಗೆ "ಹಿಂದೆ ಬನ್ನಿ" ಎಂದು ಒಮ್ಮೆಯಾದರೂ ಕೂಗಿದ್ದಿಲ್ಲ. ಇದರಲ್ಲಿ ತಪ್ಪು ಅವಳದಲ್ಲ, ನನ್ನದು. ಕೀಪರುಗಳು ಬಾಯಿಬಿಟ್ಟರೆ ನಮ್ಮ ಹೆಡ್ ಕೋಚುಗಳಿಗೆ ಆಗುತ್ತಿರಲಿಲ್ಲ. ಮೈದಾನದಲ್ಲಿ ತಮ್ಮದೊಂದೇ ದನಿ ಕೇಳಬೇಕು. ನಾನೂ ಕೆಲಸ ಉಳಿಸಿಕೊಳ್ಳಲು, "ನೀನು ಚೆಂಡು ಹಿಡಿ, ಸಾಕು" ಎಂದೇ ಹುಡುಗಿಯರನ್ನು ತಯಾರು ಮಾಡಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಅವಳನ್ನು ಬದಿಗೆ ಕರೆದೆ.

"ಇವತ್ತಿಂದ ನೀನು ಮಾತಾಡ್ಬೇಕು. ಮೂರೇ ಮಾತು. ಮುಂದೆ, ಹಿಂದೆ, ನಿಲ್ಲಿ. ಅಷ್ಟೇ."

ಅವಳು ಬೂಟಿನ ತುದಿ ನೋಡುತ್ತ ಏನೋ ಅಂದಳು. ನನಗೆ ಕೇಳಿಸಲಿಲ್ಲ.

"ಏನಂದೆ? ಜೋರಾಗಿ ಹೇಳು."

"ತಪ್ಪು ಹೇಳಿಬಿಟ್ರೆ, ಮೇಡಂ?"

"ಹೇಳು. ಊರಿಗೆಲ್ಲ ಕೇಳೋ ಹಾಗೆ ತಪ್ಪು ಹೇಳು. ತಪ್ಪಾದ್ರೆ ಆ ತಪ್ಪು ನಂದು. ಸುಮ್ನಿದ್ರೆ ಮಾತ್ರ ನಿಂದು."

ಎರಡು ದಿನ ನಾನು ಬಲೆಯ ಹಿಂದೆ, ಅವಳ ಬೆನ್ನಿಗೇ ನಿಂತೆ. ನನಗೆ ಕಂಡದ್ದನ್ನು ನಾನು ಮೆಲ್ಲಗೆ ಹೇಳುವುದು, ಅವಳು ಅದನ್ನು ಕೂಗುವುದು. ಮೊದಲ ದಿನ ಅವಳ ಕೂಗು ಪಕ್ಕದ ಕಂಬಕ್ಕೂ ಮುಟ್ಟಲಿಲ್ಲ. ನಾಲ್ವರು ಡಿಫೆಂಡರುಗಳನ್ನೂ ಮೈದಾನದ ನಡುಗೆರೆಯಲ್ಲಿ ಬೆನ್ನು ಮಾಡಿ ನಿಲ್ಲಿಸಿ, "ಇವಳ ಮಾತು ಕೇಳಿಸಿದಾಗ ಮಾತ್ರ ಮನೆಗೆ ಹೋಗ್ಬಹುದು" ಎಂದೆ. ಹಸಿದಿದ್ದರು ಪಾಪ. ಅರ್ಧ ಗಂಟೆ ಕಳೆದಮೇಲೆ ಕ್ಯಾಪ್ಟನ್ನೇ ಬೇಸತ್ತು, "ಕೂಗೇ ಪುಣ್ಯಾತ್ಗಿತ್ತಿ, ಹೊಟ್ಟೆ ತಾಳ ಹಾಕ್ತಿದೆ!" ಎಂದು ಅರಚಿದಳು. ಈ ಕ್ಯಾಪ್ಟನ್ ಡಿಫೆನ್ಸಿನ ನಡುವೆ ಆಡುವವಳು, ಗಟ್ಟಿಗಿತ್ತಿ. ಪಿಸುವಿಗೆ ನಗು ಬಂತು. ನಗುತ್ತಲೇ "ಹಿಂದೇ!" ಎಂದು ಕೂಗಿದಳು. ನಾಲ್ವರೂ ಒಟ್ಟಿಗೆ ತಿರುಗಿ ಓಡಿಬಂದು ಅವಳನ್ನು ಎತ್ತಿಕೊಂಡರು.

ಮೂರನೆಯ ದಿನ ನಾನು ಅವಳ ಹಿಂದಿನಿಂದ ಸರಿದು ಉದ್ದ ಗೆರೆಯ ಪಕ್ಕಕ್ಕೆ ಹೋದೆ. ಎಲ್ಲರನ್ನೂ ಕೂರಿಸಿ, ಕಡ್ಡಿ ಮುರಿದಂತೆ ಹೇಳಿದೆ:

"ಮ್ಯಾಚಲ್ಲಿ ನಾನು ಒಂದು ಹೇಳಿ, ಪಿಸು ಇನ್ನೊಂದು ಹೇಳಿದ್ರೆ, ಪಿಸು ಮಾತೇ ಮಾತು. ಆ ಹೊತ್ತಿಗೆ ನನ್ನ ಮಾತು ಲೆಕ್ಕಕ್ಕಿಲ್ಲ."

ಕ್ಯಾಪ್ಟನ್ ಹುಬ್ಬೇರಿಸಿದಳು. "ನಿಜವಾಗ್ಲೂ ಮೇಡಂ? ಆಮೇಲೆ ಬೈಯ್ಯಲ್ವಾ?"

"ಬೈದ್ರೆ ಕೇಳು."

ಬಲಬದಿಯ ಹುಡುಗಿಯ ಹತ್ತಿರ ಹೋಗಿ ಎಲ್ಲರೆದುರೇ ತಪ್ಪಾಯಿತು ಎಂದೆ. ಎರಡನೆಯ ಮ್ಯಾಚಿನಲ್ಲಿ ಅವಳು ಮೊದಲಿನಿಂದ ಕೊನೆಯವರೆಗೂ ಆಡಿದಳು. ಪಿಸು ಒಂದಷ್ಟು ಕೂಗಿದಳು, ಒಂದಷ್ಟು ನುಂಗಿಕೊಂಡಳು. ಎರಡು-ಒಂದರಲ್ಲಿ ಗೆದ್ದೆವು. ಕೊನೆಯ ಮ್ಯಾಚಿನಲ್ಲಿ ಸೋಲದೆ ಸಮ ಮಾಡಿಕೊಂಡರೂ ಸಾಕು, ಮೇಲಿನ ದರ್ಜೆಯಲ್ಲಿ ಉಳಿಯುತ್ತಿದ್ದೆವು.

ಆ ಮ್ಯಾಚಿಗೆ ಕಮಿಟಿಯವರೆಲ್ಲ ಬಂದಿದ್ದರು. ಡೈರೆಕ್ಟರ್, ಪ್ರಿನ್ಸಿಪಾಲರು, ರಸಾಯನಶಾಸ್ತ್ರದ ಹಿರಿಯ ಪ್ರೊಫೆಸರ್ ಮೇಡಂ, ಮೂವರೂ ನನ್ನ ಬೆಂಚಿನ ಹಿಂದೆಯೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕತ್ತಿನ ಮೇಲೆ ಆರು ಕಣ್ಣು ನೆಟ್ಟ ಹಾಗಾಗುತ್ತಿತ್ತು. ನಮ್ಮ ಯಜಮಾನರು ಕೆಲಸಕ್ಕೆ ರಜೆ ಹಾಕಿ ಬಂದು ಜನರ ನಡುವೆ ಎಲ್ಲೋ ನಿಂತಿದ್ದರು.

ಎದುರಾಳಿಗಳು ಬಲಶಾಲಿಗಳು. ಎಂಬತ್ತು ನಿಮಿಷ ನಮ್ಮ ಹುಡುಗಿಯರು ಹಲ್ಲುಕಚ್ಚಿ ತಡೆದರು. ಸೊನ್ನೆ-ಸೊನ್ನೆ. ಇನ್ನು ಹತ್ತೇ ನಿಮಿಷ. ಆಗ ಅವರ ನಡುಮೈದಾನದ ಆಟಗಾರ್ತಿಯೊಬ್ಬಳು ನನ್ನ ಬದಿಯಲ್ಲೇ ಚೆಂಡು ಹಿಡಿದು ತಲೆಯೆತ್ತಿದಳು. ಅವರ ಮುಂಚೂಣಿಯವಳು ನಮ್ಮ ಡಿಫೆಂಡರುಗಳ ಸಾಲಿಗೆ ಸಮನಾಗಿ ನಿಂತಿದ್ದಾಳೆ. ನಮ್ಮವರು ನಾಲ್ವರೂ ಎರಡು ಹೆಜ್ಜೆ ಮುಂದೆ ಬಂದರೆ ಅವಳು ಅವರ ಹಿಂದೆ ಉಳಿದು ಆಫ್‌ಸೈಡ್, ಅವಳಿಗೆ ಚೆಂಡು ಕೊಟ್ಟರೂ ರೆಫರಿ ಆಟ ನಿಲ್ಲಿಸುತ್ತಾರೆ. ಮಗುವಿಗೂ ತಿಳಿಯುವ ಲೆಕ್ಕ.

"ಮುಂದೆ!" ಎಂದು ಕೂಗಿದೆ.

ಆ ತುದಿಯಿಂದ ಪಿಸುವಿನ ದನಿ ಬಂತು, ಗಂಟಲು ಹರಿಯುವ ಹಾಗೆ: "ಹಿಂದೇ! ಎಲ್ಲರೂ ಹಿಂದೇ!"

ನಾಲ್ವರೂ ಹಿಂದಕ್ಕೆ ಓಡಿದರು.

ನನಗೆ ರಕ್ತ ನೆತ್ತಿಗೇರಿತು. ಏನು ಹುಚ್ಚಾಟ ಇದು? ಎಲ್ಲಾ ಹಾಳುಮಾಡಿಬಿಡುತ್ತಾಳೆ! ನನ್ನ ಹನ್ನೊಂದು ವರ್ಷ, ನನ್ನ ಕೆಲಸ, ಎಲ್ಲ ಆ ಎರಡು ಹೆಜ್ಜೆಯಲ್ಲಿದೆ. ಚೌಕದ ತುದಿಗೆ ಬಂದು, ಎರಡೂ ಕೈ ಬೀಸುತ್ತ, "ಮುಂದೆ ಅಂದ್ರೆ ಮುಂದೆ! ಕಿವಿ ಕೇಳ್ಸಲ್ವಾ?" ಎಂದು ಅರಚಿದೆ. ಕ್ಯಾಪ್ಟನ್ ನನಗೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಳು. ತಿರುಗಿಯೂ ನೋಡಲಿಲ್ಲ. ಹಿಂದಕ್ಕೇ ಓಡಿದಳು.

ಚೆಂಡು ನಮ್ಮೆಲ್ಲರ ತಲೆಯ ಮೇಲಿಂದ ಹಾರಿ ಆಚೆ ಬದಿಗೆ ಹೋಯಿತು. ಅಲ್ಲಿ, ನಾನು ನಿಂತಲ್ಲಿಗೆ ಇಷ್ಟು ಹೊತ್ತು ಕಾಣದೆ, ಬೇರೆಯವರ ಮರೆಯಲ್ಲಿ, ಅವರ ಇನ್ನೊಬ್ಬಳು ತಮ್ಮ ಅರ್ಧದಿಂದಲೇ ಓಡುತ್ತ ಬಂದಿದ್ದಳು. ಅವಳಿಗೆ ಯಾವ ಆಫ್‌ಸೈಡೂ ಇಲ್ಲ. ನಮ್ಮವರು ಮುಂದೆ ಬಂದಿದ್ದರೆ ಅವಳ ಮತ್ತು ಪಿಸುವಿನ ನಡುವೆ ಬರೀ ಹುಲ್ಲು ಇರುತ್ತಿತ್ತು. ಹಿಂದಕ್ಕೆ ಓಡಿದ್ದರಿಂದ ನಮ್ಮ ಎಡಬದಿಯವಳು ಅವಳಿಗಿಂತ ಒಂದು ಹೆಜ್ಜೆ ಮುಂಚೆ ಅಲ್ಲಿದ್ದಳು. ತಲೆಯಿಂದ ಚೆಂಡನ್ನು ಮೈದಾನದ ಹೊರಕ್ಕೆ ದಬ್ಬಿದಳು.

ನನ್ನ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು. ಮೆಲ್ಲಗೆ ಇಳಿಸಿದೆ.

ಸೀಟಿ ಊದಿದಾಗ ಸೊನ್ನೆ-ಸೊನ್ನೆಯೇ. ಉಳಿದುಕೊಂಡೆವು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು. ನಾನು ಅಪ್ಪಿಕೊಂಡೆ, ಬೆನ್ನು ತಟ್ಟಿದೆ, ಆದರೆ ಆ ಕೂಗಿನ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ, ಅವರೂ ಎತ್ತಲಿಲ್ಲ. ಡೈರೆಕ್ಟರ್ ಹತ್ತಿರ ಬಂದು ಕೈ ಕುಲುಕಿ, ದನಿ ತಗ್ಗಿಸಿ ಹೇಳಿದರು: "ಅಭಿನಂದನೆ. ನಾಳೆ ಹನ್ನೊಂದಕ್ಕೆ ಸಂದರ್ಶನ. ಆದ್ರೆ ಪ್ರಿನ್ಸಿಪಾಲರು ಒಂದು ಮಾತು ಕೇಳಿದ್ರು. ಆ ಮಕ್ಕಳು ನಿಮ್ಮ ಮಾತೇ ಕೇಳಲ್ವಲ್ಲ ಅಂತ. ಅದಕ್ಕೊಂದು ಉತ್ತರ ತಯಾರಿಟ್ಕೊಳ್ಳಿ."

ಉಳಿಸಿದ್ದೇ ಉರುಳಾಯಿತಲ್ಲ!

ಮನೆಯಲ್ಲಿ ಯಜಮಾನರು ಉಪಾಯ ಹೇಳಿದರು. "ಮೊದಲೇ ಮಾಡ್ಕೊಂಡ ಸಂಜ್ಞೆ ಅದು ಅನ್ನು. ನೀನು ಮುಂದೆ ಅಂದ್ರೆ ಹಿಂದೆ ಅಂತ ಅರ್ಥ. ಎದುರು ಟೀಮಿಗೆ ಟೋಪಿ ಹಾಕೋಕೆ."

"ಥೂ, ಸುಮ್ನಿರ್ರೀ," ಎಂದೆನಾದರೂ, ಆ ಉಪಾಯವನ್ನು ಬೆಳಗ್ಗೆ ಬಸ್ಸಿಳಿಯುವ ತನಕ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದುಂಟು.

ಸಂದರ್ಶನದ ಕೋಣೆಯ ಹೊರಗೆ ಇನ್ನೊಬ್ಬ ಅಭ್ಯರ್ಥಿ ಕೋಟು ಹಾಕಿಕೊಂಡು ಕೂತಿದ್ದ. ಅವನು ಹೋಗಿಬಂದಮೇಲೆ ನನ್ನನ್ನು ಕರೆದರು. ಪ್ರಿನ್ಸಿಪಾಲರು ಸುತ್ತಿ ಬಳಸಲಿಲ್ಲ.

"ನಿನ್ನೆ ನೀವು ಎರಡು ಸಲ ಕೂಗಿದ್ರಿ. ಒಬ್ಬಳೂ ಕೇಳ್ಲಿಲ್ಲ. ಹಾಗಾದ್ರೆ ಅಲ್ಲಿ ಕೋಚ್ ಯಾರು?"

ತಯಾರಿಟ್ಟುಕೊಂಡ ಉತ್ತರವೆಲ್ಲ ಎಲ್ಲಿ ಹೋಯಿತೋ.

"ಸರ್, ನಾನು ಹೇಳಿದ್ದು ತಪ್ಪು. ಅವರು ಕೇಳಿದ್ದಿದ್ರೆ ಇವತ್ತು ನಾವು ಕೆಳಗಿನ ದರ್ಜೆಲಿರ್ತಿದ್ವಿ. ಕೀಪರಿಗೆ ಕಂಡಿದ್ದು ನನಗೆ ಕಾಣ್ಲಿಲ್ಲ. ಪಕ್ಕದಿಂದ ಆಟ ನೋಡೋಕೆ ನನಗೆ ಇನ್ನೂ ಸರಿಯಾಗಿ ಬರಲ್ಲ. ಅದಕ್ಕೇ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದೆ, ಅವಳ ಮಾತೇ ಕೇಳಿ, ನನ್ನದಲ್ಲ ಅಂತ."

"ಹೇಳಿಟ್ಟಿದ್ರೆ ಮತ್ತೆ ನೀವ್ಯಾಕೆ ಕೂಗಿದ್ರಿ?" ಪ್ರೊಫೆಸರ್ ಮೇಡಂ ಕನ್ನಡಕದ ಮೇಲಿಂದ ನೋಡಿದರು.

ಮುಖ ಕೆಂಪಾದದ್ದು ನನಗೇ ಗೊತ್ತಾಯಿತು. "ಹೆದರಿಬಿಟ್ಟೆ ಮೇಡಂ. ಈ ಕೆಲಸ ಹೋಗಿಬಿಡುತ್ತೆ ಅಂತ ಹೆದರಿ, ನಾನೇ ಕೊಟ್ಟ ಮಾತು ಮರೆತೆ."

"ಆ ಹುಡುಗಿ ಹೇಳಿದ್ದೇ ತಪ್ಪಾಗಿ ಗೋಲ್ ಬಿದ್ದಿದ್ರೆ?"

"ಆಗ್ಲೂ ಇಲ್ಲೇ ಬಂದು ಕೂತು, ತಪ್ಪು ನಂದು ಅಂತಿದ್ದೆ. ಅವಳಿಗೂ ಹಾಗೇ ಹೇಳಿದೀನಿ."

ಹೊರಗೆ ಕಾಯಲು ಹೇಳಿದರು. ಮುಗಿಯಿತು ಕಥೆ, ನನ್ನ ಬಾಯಿಗೆ ಬೀಗ ಹಾಕ, ಎಂದುಕೊಂಡು ಎದ್ದೆ.

ಓಣಿಯ ತುದಿಯಲ್ಲಿ, ಮೆಟ್ಟಿಲಿನ ಮೇಲೆ ನಾಲ್ವರು ಡಿಫೆಂಡರುಗಳೂ ಪಿಸುವೂ ಕೂತಿದ್ದರು. ಕ್ಲಾಸಿಗೆ ಚಕ್ಕರ್. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಬಾಗಿಲು ತೆರೆದು ಡೈರೆಕ್ಟರ್ ಹೊರಬಂದರು. ಐದು ನಿಮಿಷವೂ ಆಗಿರಲಿಲ್ಲ.

"ಪ್ರೊಫೆಸರ್ ಮೇಡಂ ಹಟ ಹಿಡಿದು ಕೂತ್ರು," ಎಂದು ನಗುತ್ತ ಕೈ ಚಾಚಿದರು. "ಸೋಮವಾರದಿಂದ ನೀವೇ ಹೆಡ್ ಕೋಚ್. ಮೊದಲಿಗೆ ಎರಡು ವರ್ಷ."

ಹುಡುಗಿಯರ ಕಿರುಚಾಟಕ್ಕೆ ಎರಡು ಕ್ಲಾಸಿನ ಬಾಗಿಲು ತೆರೆದುಕೊಂಡವು. ನಾನು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳು ಬಂತು. ಅತ್ತೆ, ಮುಚ್ಚುಮರೆಯೇನಿಲ್ಲ. ಕಣ್ಣೊರೆಸಿಕೊಂಡಮೇಲೆ, ನಿನ್ನೆಯಿಂದ ಎದೆಯಲ್ಲಿ ಕೊರೆಯುತ್ತಿದ್ದ ಮಾತನ್ನು ಕ್ಯಾಪ್ಟನ್ನಿಗೆ ಕೇಳಿಯೇಬಿಟ್ಟೆ.

"ನಿಜ ಹೇಳು. ನಿನ್ನೆ ನಾನು ಕೂಗಿದ್ದು ನಿನಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು ಮೇಡಂ. ಎರಡು ಸಲಾನೂ."

"ಹೆದರಿಕೆ ಆಗ್ಲಿಲ್ವಾ?"

"ತುಂಬಾ ಆಯ್ತು. ಮ್ಯಾಚ್ ಮುಗಿದ್ಮೇಲೆ ಟೀಮಿಂದ ತೆಗೀತೀರಿ ಅಂದ್ಕೊಂಡೆ."

"ಮತ್ತೆ ಯಾಕೆ ಮುಂದೆ ಬರ್ಲಿಲ್ಲ?"

ಅವಳು, ಇದೇನು ಹೀಗೆ ಕೇಳುತ್ತಾರಲ್ಲ ಎಂಬ ಹಾಗೆ ನನ್ನನ್ನೇ ನೋಡಿದಳು.

"ನೀವೇ ಹೇಳಿದ್ರಲ್ಲ ಮೇಡಂ, ಬರ್ಬೇಡಿ ಅಂತ."

ಅವಳ ಕೈಯನ್ನು ಹಿಡಿದುಕೊಂಡೆ.